‘ಏಳು’ ಎನ್ನದೆ ಎಣಿಸುವ ಗಾಳೆಮ್ಮ

ಮಸ್ಕಿಯಿಂದ ಪಾಮನಕಲ್ಲೂರಿಗೆ ಹೋಗುವ ಬಂಡಿದಾರಿಯ ಬಲಕ್ಕೆ ಬೂದಿಯ ದಿಬ್ಬವೊಂದಿದೆ. ಎತ್ತರ ಹದಿನೆಂಟು ಅಡಿ, ಸುತ್ತಳತೆ ಮುನ್ನೂರು ಹೆಜ್ಜೆ. ಫೆಬ್ರುವರಿಯ ಚಳಿ, ಬೆಳಗಿನ ಐದೂವರೆ. ಸುತ್ತಲಿನ ಜೋಳದ ಹೊಲಗಳ ಮೇಲೆ ಮಂಜು ಮೊಣಕಾಲುದ್ದ ನಿಂತಿದೆ. ದಿಬ್ಬದ ಮೇಲೆ ಮಾತ್ರ ನಿಂತಿಲ್ಲ. ಗಾಳೆಮ್ಮ ಚಪ್ಪಲಿಯನ್ನು ದಿಬ್ಬದ ಬುಡದಲ್ಲೇ ಬಿಟ್ಟು, ಸೆರಗನ್ನು ತಲೆಗೆ ಬಿಗಿದುಕೊಂಡು ಮೇಲೆ ಹತ್ತುತ್ತಾಳೆ. ಹಳೆಯ ಕಾಲದ ಕುರುಹು ಹುಡುಕಲು ತೋಡಿದ ಆರಡಿ ಆಳದ ಗುಂಡಿಯ ಅಂಚಿನಲ್ಲಿ ಮೂರು ಕೋಲು ನಿಲ್ಲಿಸಿ ಹಗ್ಗದಿಂದ ಜರಡಿ ತೂಗುಹಾಕಿದ್ದಾರೆ. ಅದು ಆಕೆಯ ಜಾಗ.

ಗುಂಡಿಯೊಳಗಿನಿಂದ ಜೊತೆಯ ಕೂಲಿ ಜುಬೇದಾಬೀ ಬೂದಿ ತುಂಬಿದ ಮೊದಲ ಪುಟ್ಟಿ ಎತ್ತಿಕೊಡುತ್ತಾಳೆ. ಜರಡಿ ಅಲುಗುತ್ತದೆ. ಮಣ್ಣು ಸೋಸಿದರೆ ಸದ್ದು ಬರುತ್ತದೆ. ಬೂದಿ ಸೋಸಿದರೆ ಬರುವುದಿಲ್ಲ. ಕೆಳಗೆ ಬೂದಿಯ ಗುಪ್ಪೆ ಬೆಳೆಯುತ್ತ ಹೋಗುತ್ತದೆ, ಕಿವಿಗೆ ಮಾತ್ರ ಏನೂ ಬೀಳುವುದಿಲ್ಲ. ನಾಲ್ಕನೆಯ ಪುಟ್ಟಿಯಲ್ಲಿ ಬೆರಳಿನ ಉಗುರಿಗಿಂತ ಚಿಕ್ಕದಾದ, ಬಿಳಿಯ ಚೂರೊಂದು ಜರಡಿಯಲ್ಲಿ ಉಳಿಯುತ್ತದೆ. ಗಾಳೆಮ್ಮ ಅದನ್ನು ಸೆರಗಿನಿಂದ ಒರೆಸಿ ಕೆಳತುಟಿಗೆ ಮುಟ್ಟಿಸುತ್ತಾಳೆ. ಕಲ್ಲಾದರೆ ಜಾರುತ್ತದೆ, ಎಲುಬಾದರೆ ಒದ್ದೆ ತುಟಿಗೆ ಅಂಟಿಕೊಳ್ಳುತ್ತದೆ. ಅದು ಅಂಟಿಕೊಳ್ಳುತ್ತದೆ.

“ಐತೇನ್ಬೇ?” ಕೆಳಗಿನಿಂದ ಜುಬೇದಾಬೀ ಕೇಳುತ್ತಾಳೆ.

“ಐತಿ. ಸಣ್ಣದು, ಇನ್ನಾ ಹಲ್ಲು ಬಂದಿದ್ದಿಲ್ಲ. ಸಲಿಕಿ ಇಡು. ಮೆಲ್ಲಕ ಮಾತಾಡು.”

“ನಾ ಒದರಿದ್ರೂ ನನ್ನ ಗಂಡಗ ಕೇಳಂಗಿಲ್ಲ. ನಿನ್ನ ಕೂಸಿಗೆ ಎಲ್ಲಿ ಕೇಳತೈತಬೇ?”

ಹಾಗೆಂದರೂ ಜುಬೇದಾಬೀ ದನಿ ತಗ್ಗಿಸುತ್ತಾಳೆ. ಗಾಳೆಮ್ಮ ಏಣಿಯಿಂದ ಇಳಿದು, ಬರಿಗೈಯಿಂದ ಬೂದಿ ಸರಿಸುತ್ತ ಹೋಗುತ್ತಾಳೆ. ಮುಕ್ಕಾಲು ಗಂಟೆಯ ಮೇಲೆ ಗಡಿಗೆಯೊಂದರ ಹೊಟ್ಟೆ ಕಾಣಿಸುತ್ತದೆ. ಬಾಯಿಗೆ ಬೋಗುಣಿ ಮುಚ್ಚಿದೆ, ಮೈ ಎರಡು ಕಡೆ ಸೀಳಿದೆ. ಸಾವಿರಾರು ವರ್ಷಗಳ ಹಿಂದೆ ಇಲ್ಲಿದ್ದ ಜನ, ಸತ್ತ ಹಸುಗೂಸುಗಳನ್ನು ಹೀಗೆ ಗಡಿಗೆಯಲ್ಲಿಟ್ಟು ಬೂದಿಯಲ್ಲಿ ಹೂಳುತ್ತಿದ್ದರೆಂದು ಅಗೆತದ ಪಂಡಿತರ ತೀರ್ಮಾನ. ಎರಡು ಚಳಿಗಾಲದಲ್ಲಿ ಗಾಳೆಮ್ಮ ತೆಗೆದ ಮೂವತ್ತೆಂಟನೆಯ ಗಡಿಗೆ ಇದು.

ಆಕೆಯ ವಯಸ್ಸು ಮೂವತ್ತೇಳು. ಮನೆ ದಿಬ್ಬದಿಂದ ಒಂದೂವರೆ ಮೈಲಿ. ಗಂಡ ಹುಸೇನಪ್ಪ ಸಿಂಧನೂರಿನ ಆಚೆ ಕಾಲುವೆ ಕೆಲಸಕ್ಕೆ ಹೋದವನು ಹುಣ್ಣಿಮೆಗೊಮ್ಮೆ ಬರುತ್ತಾನೆ. ದಿನಕ್ಕೆ ನೂರಾಹತ್ತರಿಂದ ನೂರಾಇಪ್ಪತ್ತು ಪುಟ್ಟಿ ಗಾಳೆಮ್ಮನ ಜರಡಿಯಿಂದ ಇಳಿಯುತ್ತದೆ. ರಾತ್ರಿ ಉಂಡು ಮಲಗಿದ ಮೇಲೂ ತನ್ನ ಕೈಗಳು ಅಲುಗುತ್ತಿರುತ್ತವೆ ಎಂದು ಆಕೆ ನಗುತ್ತ ಹೇಳುತ್ತಾಳೆ.

ಆದರೆ ಆಕೆ ಬರಿಯ ಅಗೆತದ ಕೂಲಿಯಲ್ಲ. ನಿಜಾಮರ ಆಳ್ವಿಕೆ ಕೊನೆಗಾಣಿಸಿದ ಪೋಲೀಸ್ ಕಾರ್ಯಾಚರಣೆ ಮುಗಿದು, ಕಾಲುವೆಯ ಕೆಲಸ ಬಿರುಸಾದ ಮೇಲೆ ಈ ಸೀಮೆಗೆ ಬಂದು ಹೋದ ವಿದ್ವಾಂಸರಿಗೆ ಲೆಕ್ಕವಿಲ್ಲ. ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ನೀರು ಬಿಟ್ಟರೆ ಎರೆಮಣ್ಣು ಉಪ್ಪಾಗುವುದೇ ಎಂದು ನೋಡಲು ಬಂದವರು ಗಾಳೆಮ್ಮನ ಬಾಯಲ್ಲಿ ಮಣ್ಣಿನ ಸಾಹೇಬರು. ಗೊರೇಬಾಳದ ಕಡೆ ನೀರು ನಿಂತರೆ ಮಲೇರಿಯ ಹೆಚ್ಚುವುದೇ ಎಂದು ಹುಳ ಎಣಿಸಿದವರು ಸೊಳ್ಳಿ ಸಾಹೇಬರು. ಜೋಳದ ತೆನೆಗೆ ಬರುವ ಕಾಡಿಗೆರೋಗ ಹುಡುಕಿದವರು ಜ್ವಾಳದ ಸಾಹೇಬರು. ಕಬ್ಬಿಣದ ಇಕ್ಕಳ ಹಿಡಿದು ಊರಿನವರ ತಲೆಬುರುಡೆಯ ಅಗಲ ಅಳೆದವರೊಬ್ಬರಿದ್ದರು, ಅವರು ತಲಿ ಸಾಹೇಬರು. ಜನರ ಮಾತನ್ನೇ ಬರೆದುಕೊಂಡು ಹೋಗಲು ಧಾರವಾಡದ ಕಡೆಯಿಂದ ಬಂದವರು ಮಾತಿನ ಸಾಹೇಬರು. ಈಗ ದಿಬ್ಬ ಅಗೆಸುತ್ತಿರುವವರು ಉತ್ತರದ ಕಡೆಯವರು, ಮಡಿಕಿ ಸಾಹೇಬರು. ಈ ಎಲ್ಲರಿಗೂ ಸೋಸುವ, ಆರಿಸುವ, ಎಣಿಸುವ ಕೈ ಬೇಕಾಯಿತು. ಎಲ್ಲರಿಗೂ ಸಿಕ್ಕ ಕೈ ಒಂದೇ.

“ಒಬ್ಬೊಬ್ರಿಗೆ ಒಂದೊಂದು ಹುಚ್ಚರೀ. ಒಬ್ರ ಹುಚ್ಚು ಇನ್ನೊಬ್ರಿಗೆ ಗೊತ್ತಿಲ್ಲ. ತಲಿ ಸಾಹೇಬ್ರು ನನ್ನ ತಲಿ ಅಳದು, ಭಾಳ ಚಲೋ ತಲಿ ಐತಿ ಅಂದ್ರು. ಒಳಗ ಏನೈತಿ ಅಂತ ಕೇಳಲಿಲ್ಲ,” ಎನ್ನುತ್ತಾಳೆ ಗಾಳೆಮ್ಮ.

ಈ ಸಾಹೇಬರೆಲ್ಲ ಲಿಂಗಸುಗೂರಿನ ಒಂದೇ ಪ್ರವಾಸಿ ಬಂಗಲೆಯಲ್ಲಿ ಇಳಿದುಕೊಳ್ಳುತ್ತಾರೆ. ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಆದರೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಬೇಕಿಲ್ಲ. ಇವರ ಶಾಸ್ತ್ರಗಳೆಲ್ಲ ಒಂದು ಕಡೆ ಕೂಡುವುದೆಂದರೆ ಗಾಳೆಮ್ಮನ ನೆನಪಿನಲ್ಲಿ ಮಾತ್ರ. ಸೊಳ್ಳೆಯ ಮೊಟ್ಟೆಗಾಗಿ ಐದು ಕಡೆ ನೀರಿನ ತಟ್ಟೆ ಇಟ್ಟಾಗ, ನಾಲ್ಕರಲ್ಲಿ ಬೆಳಗಿನವರೆಗೆ ನೀರಿತ್ತು, ದಿಬ್ಬದ ಮೇಲಿನದು ಒಂಬತ್ತು ದಿನವೂ ಒಣಗಿತ್ತು. ನರಿ ಕುಡಿದಿರಬೇಕೆಂದು ಸೊಳ್ಳಿ ಸಾಹೇಬರು ಬರೆದುಕೊಂಡರು. ತಟ್ಟೆಯ ಸುತ್ತ ಬೂದಿಯಲ್ಲಿ ಹೆಜ್ಜೆಯಿರಲಿಲ್ಲ ಎಂಬುದನ್ನು ಗಾಳೆಮ್ಮ ನೋಡಿದ್ದಳು. ಅವರು ಕೇಳಲಿಲ್ಲ, ಆಕೆ ಹೇಳಲಿಲ್ಲ. ಮಾತಿನ ಸಾಹೇಬರು ಸುತ್ತಲಿನ ಆರು ಹಳ್ಳಿಗಳಲ್ಲಿ ದಿಬ್ಬದ ಹೆಸರೇನೆಂದು ಕೇಳಿದರೆ, ಆರೂ ಹಳ್ಳಿಯವರು ಹೆಸರು ಹಿಡಿಯದೆ, ‘ಆ ಕಡಿ’, ಅಂದರೆ ಆ ಕಡೆ, ಎಂದಷ್ಟೇ ಹೇಳಿದರು.

ಗಾಳೆಮ್ಮನ ತಂದೆ ಯಂಕೋಬ ಪಾಮನಕಲ್ಲೂರಿನಲ್ಲಿ ಕುಣಿ ತೋಡುವವನಾಗಿದ್ದ. ಊರಲ್ಲಿ ಯಾರು ಸತ್ತರೂ ಗುಂಡಿ ತೆಗೆಯುವುದು ಆತನ ಮನೆತನದ ಪಾಲಿಗೆ ಬಂದ ಕೆಲಸ. ಆಕೆ ಹುಟ್ಟಿದ್ದು ದೊಡ್ಡ ಜಡ್ಡಿನ ವರ್ಷ, ಅಂದರೆ ಇನ್‌ಫ್ಲುಯೆಂಜಾ ಹಬ್ಬಿದ ೧೯೧೮ರಲ್ಲಿ. ಆ ಒಂದು ತಿಂಗಳಲ್ಲಿ ಯಂಕೋಬ ನಲವತ್ತೊಂದು ಕುಣಿ ತೋಡಿದ. ಹೆಂಡತಿ ಹೆತ್ತ ಸುದ್ದಿ ಅವನಿಗೆ ತಲುಪಿದ್ದು ಕುಣಿಯೊಳಗೆ ನಿಂತಾಗ. ಬುದ್ಧಿ ತಿಳಿದಾಗಿನಿಂದ ಗಾಳೆಮ್ಮ ತಂದೆಯ ಹಿಂದೆ ಪುಟ್ಟಿ ಹೊತ್ತು ಬೆಳೆದಳು. ಕುಣಿಯ ಆಳವನ್ನು ಯಂಕೋಬ ಗೇಣಿನಿಂದ ಅಳೆಯುತ್ತಿದ್ದ. ಅಳೆಯುವಾಗ ಆತ ಹೇಳುತ್ತಿದ್ದುದು: ನಾಕು, ಐದು, ಆರು, ಮತ್ತೊಂದು, ಎಂಟು.

ಏಳು ಎಂಬುದು ಆರರ ಮುಂದಿನ ಅಂಕಿ. ಮಲಗಿದವರನ್ನು ಎಬ್ಬಿಸುವ ಮಾತೂ ಅದೇ. ಹೂಳುವ ಜಾಗದಲ್ಲಿ ನಿಂತು ಆ ಮಾತನ್ನು ಬಾಯಿಬಿಟ್ಟು ಆಡಬಾರದು ಎಂಬುದು ಯಂಕೋಬನ ಮನೆಯ ಕಟ್ಟು. ಹದಿನೇಳು, ಇಪ್ಪತ್ತೇಳುಗಳಿಗೂ ಅದೇ ನಿಯಮ: ಹದಿನಾರು, ಮತ್ತೊಂದು, ಹದಿನೆಂಟು.

“ನಮ್ಮಪ್ಪ ಅಂತಿದ್ದ, ಅವರಿಗೆ ಅಂಕಿ ಯಾವುದು, ಕರಿಯೋದು ಯಾವುದು ತಿಳಿಯಂಗಿಲ್ಲವ್ವಾ, ಬರೇ ದನಿ ಕೇಳತೈತಿ ಅಂತ. ಸಂತ್ಯಾಗ ನಾನೂ ಎಲ್ಲಾರಂಗ ಹೇಳತೀನ್ರಿ. ಇಲ್ಲಿ ಹೇಳಂಗಿಲ್ಲ.”

ಇದು ತಮಾಷೆಯ ಸಂಗತಿಯಾಗಿ ಉಳಿಯಬಹುದಿತ್ತು. ಕಳೆದ ಡಿಸೆಂಬರಿನಲ್ಲಿ ಇದೇ ಮಾತಿಗಾಗಿ ಗಾಳೆಮ್ಮ ಕಳ್ಳಿ ಎನಿಸಿಕೊಂಡಳು.

ಮೊದಲ ಚಳಿಗಾಲದಲ್ಲಿ ದಿಬ್ಬದಿಂದ ತೆಗೆದ ಗಡಿಗೆಗಳು ಇಪ್ಪತ್ತಾರು. ಒಂದೂ ಇಡಿಯಾಗಿ ಬರಲಿಲ್ಲ; ಚೂರುಗಳನ್ನೂ ಎಲುಬುಗಳನ್ನೂ ಚೀಲದಲ್ಲಿ ಕಟ್ಟುತ್ತಿದ್ದರು. ಗಾಳೆಮ್ಮ ಗುಂಡಿಯೊಳಗಿನಿಂದ ಅಂಕಿ ಹೇಳುವಳು, ಮೇಲೆ ಕುಳಿತ ಗುಮಾಸ್ತ ಇಸ್ಮಾಯಿಲ್‌ಸಾಬ್ ಅದನ್ನು ಚೀಟಿಯ ಮೇಲೂ ರಿಜಿಸ್ಟರಿನಲ್ಲೂ ಬರೆಯುವನು. ಇಸ್ಮಾಯಿಲ್‌ಸಾಬ್ ಹೈದರಾಬಾದು ಶಹರದವನು. ಬರೆಯುವುದು ಉರ್ದುವಿನಲ್ಲಿ, ಕನ್ನಡ ಕಲಿತದ್ದು ಇಲ್ಲಿಗೆ ಬಂದ ಮೇಲೆ. ಆರು ಎಂದಾಗ ಆರು ಎಂದು ಬರೆದ. ಮರುದಿನ ‘ಮತ್ತೊಂದು’ ಎಂದು ಕೇಳಿದಾಗ, ಆರನೆಯ ಗಡಿಗೆಯದೇ ಮತ್ತೊಂದು ಚೀಲವೆಂದು ತಿಳಿದು, ಅದರ ಮೇಲೂ ಆರು ಎಂದೇ ಬರೆದ. ಆಮೇಲೆ ಎಂಟು. ಹದಿನಾರರ ಮುಂದೆಯೂ ಹಾಗೆಯೇ ಆಯಿತು. ಚೀಲಗಳು ಪೆಟ್ಟಿಗೆ ಸೇರಿ, ರೈಲು ಹತ್ತಿ, ದೂರದ ಊರಿನ ಎಲುಬಿನ ಡಾಕ್ಟರರ ಮೇಜಿಗೆ ಹೋದವು.

ಡಿಸೆಂಬರಿನ ಮೊದಲ ವಾರ ಡಾಕ್ಟರರ ಕಾಗದ ಬಂತು. ಆರನೆಯ ಗಡಿಗೆಯಲ್ಲಿ ಎರಡು ಕೂಸುಗಳಿವೆ, ಹದಿನಾರನೆಯದರಲ್ಲಿಯೂ ಎರಡು, ಬಹುಶಃ ಅವಳಿ. ಹಾಗೆಯೇ, ಏಳು ಮತ್ತು ಹದಿನೇಳನೆಯ ಗಡಿಗೆಗಳು ತಲುಪಿಲ್ಲ, ದಯವಿಟ್ಟು ಕಳುಹಿಸಿ. ಮಡಿಕಿ ಸಾಹೇಬರು ಕಾಗದದ ಮೊದಲ ಅರ್ಧಕ್ಕೆ ಹಿಗ್ಗಿ, ಅವಳಿ ಕೂಸುಗಳ ಶವಸಂಸ್ಕಾರದ ಮೇಲೆ ಲೇಖನ ಬರೆದು ಅಚ್ಚಿಗೆ ಕಳಿಸಿಬಿಟ್ಟರು. ಎರಡನೆಯ ಅರ್ಧಕ್ಕೆ ಗಾಳೆಮ್ಮನನ್ನು ಕರೆಸಿದರು. ಗಡಿಗೆ ಮುಟ್ಟುವ ಕೈ ಆಕೆಯದೊಂದೇ. ಹಳೆಯ ಗಡಿಗೆಯಲ್ಲಿ ಹೊನ್ನಿರುತ್ತದೆಂಬ ಮಾತು ಊರಲ್ಲಿ ಮೊದಲೇ ಇತ್ತು.

“ಎಲ್ಲಾ ಅದಾವ್ರೀ. ನಾ ಎಣಿಸೇ ಕೊಟ್ಟೀನಿ,” ಎಂದಳು ಗಾಳೆಮ್ಮ.

ಹಾಗಾದರೆ ಇಲ್ಲಿಯೇ, ಗುಂಡಿಯ ಬಾಯಿಗೆ ನಿಂತು ಎಣಿಸಿ ತೋರಿಸು ಎಂದರು. ಆಕೆ ಎಣಿಸಿದಳು. ಆರರ ಮುಂದೆ ಏಳು ಬರಲಿಲ್ಲ. ಹದಿನಾರರ ಮುಂದೆ ಹದಿನೇಳು ಬರಲಿಲ್ಲ. ಕಾಣೆಯಾದ ಎರಡು ಅಂಕಿಗಳನ್ನೇ ಆಕೆ ಬಾಯಲ್ಲಿ ನುಂಗುತ್ತಾಳೆ. ಸಾಹೇಬರಿಗೆ ಅಷ್ಟು ಸಾಕಾಯಿತು.

“ಬಿಟ್ಟ ಅಂಕಿ ಹೇಳಬೇಕಂತ, ಹೇಳು,” ಎಂದ ಇಸ್ಮಾಯಿಲ್‌ಸಾಬ್.

“ಇಲ್ಲಿ ಹೇಳಂಗಿಲ್ರೀ.”

“ಯಾಕ?”

“ಮಂದಿ ಮಕ್ಕೊಂಡಾರ.”

ಆ ಮಾತು ಹಿಂದಿ ಭಾಷೆಗೆ ತಿರುಗಿ ಸಾಹೇಬರ ಕಿವಿ ತಲುಪಿದಾಗ, ಹೆಂಗಸು ತಮ್ಮನ್ನು ಗೇಲಿ ಮಾಡುತ್ತಿದ್ದಾಳೆ ಎಂದೇ ಅವರು ತಿಳಿದರು. ಗಾಳೆಮ್ಮನಿಗೆ ರಿಜಿಸ್ಟರಿನಲ್ಲಿ ಏನು ಬರೆದಿದೆ ಎಂಬುದು ಗೊತ್ತಿಲ್ಲ. ಸಾಹೇಬರಿಗೆ ಆಕೆ ಏನು ಹೇಳುತ್ತಿದ್ದಾಳೆ ಎಂಬುದು ಗೊತ್ತಿಲ್ಲ. ಒಂದು ಮಾತು ಆಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಡದಿದ್ದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಲಾಯಿತು: ಕೆಲಸ ಹೋಗುತ್ತದೆ, ಕಳ್ಳಿಯೆಂದು ಉಳಿದ ಸಾಹೇಬರಿಗೂ ತಿಳಿಸಲಾಗುತ್ತದೆ, ಮನೆ ಶೋಧಿಸಲಾಗುತ್ತದೆ. ಜುಬೇದಾಬೀ ಆಕೆಯ ರಟ್ಟೆ ಹಿಡಿದು ಅಲುಗಿಸಿದಳು.

“ಹೇಳಿಬಿಡಲೇ ಗಾಳಿ! ಒಂದು ಮಾತಿಗೆ ಹೊಟ್ಟಿ ಕಳಕೊಂತಿಯೇನ್ಬೇ? ಸತ್ತೋರು ಸತ್ತು ಯಾವ ಕಾಲ ಆತು!”

“ನೀ ಹೇಳು ಹಂಗಾರ.”

ಜುಬೇದಾಬೀ ಗುಂಡಿಯೊಳಗೆ ಒಮ್ಮೆ ನೋಡಿ, ಹಿಡಿದ ರಟ್ಟೆ ಬಿಟ್ಟಳು.

ಮರುದಿನ ಬೆಳಿಗ್ಗೆ ಜಮಾದಾರನೊಬ್ಬನನ್ನು ಕರೆದುಕೊಂಡು ಸಾಹೇಬರು ಗಾಳೆಮ್ಮನ ಮನೆಗೆ ಬಂದರು. ಒಳಗೆ ಜೋಳದ ಗಡಿಗೆ, ನೀರಿನ ಕೊಡ, ಉಪ್ಪಿನ ಬೋಗುಣಿ ಬಿಟ್ಟರೆ ಏನೂ ಸಿಗಲಿಲ್ಲ. ಜಮಾದಾರ ಕಬ್ಬಿಣದ ಸಲಾಕೆ ಹಿಡಿದು ನೆಲ ಚುಚ್ಚುತ್ತ ಹಿತ್ತಲಿಗೆ ಹೋದ. ಬಚ್ಚಲುಕಲ್ಲಿನ ಮಗ್ಗುಲಲ್ಲಿ ಸಲಾಕೆ ಟಣ್ಣೆಂದಿತು. ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಗಾಳೆಮ್ಮ ಬಂದು ಆ ಜಾಗದ ಮೇಲೆಯೇ ನಿಂತಳು.

“ಅಲ್ಲಿ ನಂದು ಐತ್ರಿ. ಅದನ್ನ ಮುಟ್ಟಬ್ಯಾಡ್ರಿ.”

ಜಮಾದಾರ ಆಕೆಯನ್ನು ಪಕ್ಕಕ್ಕೆ ಸರಿಸಿದ. ಎರಡು ಗೇಣು ಅಗೆದಾಗ ಗಡಿಗೆ ಕಾಣಿಸಿತು. ಅದರ ಬಾಯಿಗೆ ಬೋಗುಣಿ ಮುಚ್ಚಿತ್ತು. ಅಗೆತದ ಗುಂಡಿಯಲ್ಲಿ ಸಿಕ್ಕ ಇಪ್ಪತ್ತಾರರಂತೆಯೇ ಅದೂ ಇತ್ತು. ಬೋಗುಣಿ ಮಗುಚಿಟ್ಟ ರೀತಿ ಕೂಡ ಒಂದೇ. ಸಾಹೇಬರು ಮಂಡಿಯೂರಿ, ತಾವೇ ಬೋಗುಣಿ ಎತ್ತಿದರು. ಒಳಗೆ ಬೂದಿಯಿರಲಿಲ್ಲ, ಕಪ್ಪು ಎರೆಮಣ್ಣಿತ್ತು. ಮಣ್ಣಿನ ಮೇಲೆ ಒಂದು ನಾಣ್ಯ.

ಅಗೆತದವರಿಗೆ ನಾಣ್ಯ ಸಿಕ್ಕರೆ ಕಾಲ ಸಿಕ್ಕಂತೆ. ದಿಬ್ಬದ ಯಾವ ಗಡಿಗೆಯಲ್ಲೂ ಸಾಹೇಬರಿಗೆ ಅದು ಸಿಕ್ಕಿರಲಿಲ್ಲ. ಅವರು ಅದನ್ನು ಒರೆಸಿ ಇಸ್ಮಾಯಿಲ್‌ಸಾಬನಿಗೆ ಕೊಟ್ಟರು. ನಿಜಾಮರ ಸರ್ಕಾರದ ನಾಣ್ಯ, ಹಿಜರಿ ೧೩೬೪. ಇಸ್ಮಾಯಿಲ್‌ಸಾಬ್ ಬೆರಳ ಮೇಲೆ ಲೆಕ್ಕ ಹಾಕಿ, ಒಂಬತ್ತು ವರ್ಷದ ಹಿಂದಿನದು ಎಂದ.

“ಹೆಣ್ಣುಕೂಸ್ರಿ. ನಾಕು ದಿನ ಇತ್ತು,” ಎಂದಳು ಗಾಳೆಮ್ಮ. “ನಮ್ಮ ಮಂದ್ಯಾಗ ಹಸುಗೂಸನ್ನ ಊರಾಚಿ ಒಯ್ಯಂಗಿಲ್ಲ. ತಾಯಿ ಜಳಕದ ನೀರು ಅದಕ್ಕ ಮುಟ್ಟಬೇಕಂತ ಇಲ್ಲೇ ಇಡತೀವಿ.”

ಮಡಿಕಿ ಸಾಹೇಬರು ನಾಣ್ಯವನ್ನು ಇದ್ದ ಜಾಗದಲ್ಲೇ ಇಟ್ಟು, ಬೋಗುಣಿ ಮುಚ್ಚಿದರು. ಗಾಳೆಮ್ಮ ಕುಳಿತು ಬೊಗಸೆಯಿಂದ ಮಣ್ಣು ಹಾಕತೊಡಗಿದಳು. ತಂದೆ ಕಲಿಸಿದಂತೆ ಒಂದೊಂದು ಬೊಗಸೆಗೂ ಎಣಿಸುತ್ತಿದ್ದಳು. ದನಿ ಪಕ್ಕದಲ್ಲಿ ನಿಂತವರಿಗೆ ಮಾತ್ರ ಕೇಳುವಷ್ಟಿತ್ತು.

“ನಾಕು, ಐದು, ಆರು, ಮತ್ತೊಂದು, ಎಂಟು…”

ಪಕ್ಕದಲ್ಲಿ ನಿಂತಿದ್ದವನು ಇಸ್ಮಾಯಿಲ್‌ಸಾಬ್. ಬೊಗಸೆಗಳನ್ನು ಅವನು ಕಣ್ಣಾರೆ ನೋಡುತ್ತಿದ್ದ. ಆರನೆಯದು ಒಂದು ಬೊಗಸೆ, ಎಂಟನೆಯದು ಒಂದು ಬೊಗಸೆ, ನಡುವೆ ‘ಮತ್ತೊಂದು’ ಎಂದಾಗಲೂ ಪೂರ್ತಿ ಒಂದು ಬೊಗಸೆ ಮಣ್ಣು ಬಿತ್ತು. ಅವನು ಅಲ್ಲಿಯೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

“ಯಾ ಅಲ್ಲಾ! ಗಾಳೆಮ್ಮಾ, ಮತ್ತೊಂದು ಅಂದ್ರ ಏಳ…”

ಆಕೆ ತಟ್ಟನೆ ಕೈಯೆತ್ತಿ ಅವನ ಬಾಯಿಗೆ ಅಡ್ಡ ಹಿಡಿದಳು. ಮಣ್ಣು ಅವನ ಗಡ್ಡಕ್ಕೆ ಮೆತ್ತಿತು. ಅವನು ಮಾತನ್ನು ಅರ್ಧಕ್ಕೇ ನುಂಗಿದ.

ಅಂದು ಸಂಜೆ ಲಿಂಗಸುಗೂರಿನ ಬಂಗಲೆಯಲ್ಲಿ ಇಸ್ಮಾಯಿಲ್‌ಸಾಬ್ ರಿಜಿಸ್ಟರು ಮುಂದಿಟ್ಟು, “ಗಲತಿ ನಂದು ಐತಿ ಸಾಬ್, ಆಕಿದಲ್ಲ,” ಎಂದು ಒಪ್ಪಿಕೊಂಡ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಉಣ್ಣುತ್ತಿದ್ದ ಮಾತಿನ ಸಾಹೇಬರು ರೊಟ್ಟಿ ಬಿಟ್ಟು ಎದ್ದು, ಕೋಣೆಯಿಂದ ತಮ್ಮ ಟಿಪ್ಪಣಿ ಪುಸ್ತಕ ತಂದರು. ಅದೇ ವರ್ಷದ ಮಾರ್ಚಿನಲ್ಲಿ ಅವರು ದಿಬ್ಬದ ಮೇಲೆ ಗಾಳೆಮ್ಮನಿಂದ ಒಂದರಿಂದ ಹತ್ತರವರೆಗೆ ಹೇಳಿಸಿಕೊಂಡಿದ್ದರು. ಏಳರ ಎದುರಿಗೆ ‘ಮತ್ತೊಂದು’ ಎಂದು ಬರೆದಿತ್ತು. ಅದೇ ವಾರ ಮಸ್ಕಿಯ ಸಂತೆಯಲ್ಲಿ ಅದೇ ಹೆಂಗಸು ಮೆಣಸಿನಕಾಯಿ ಆರಿಸುತ್ತ ಸಲೀಸಾಗಿ ‘ಏಳು’ ಎಂದಿದ್ದಳು. ಒಬ್ಬಳ ಬಾಯಲ್ಲಿ ಎರಡು ಏಳು ಹೇಗೆಂದು ತಿಳಿಯದೆ, ಅವರು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದರು. ಒಂಬತ್ತು ತಿಂಗಳು ಆ ಪುಸ್ತಕವೂ ಈ ರಿಜಿಸ್ಟರೂ ಒಂದೇ ಬಂಗಲೆಯ ಅಕ್ಕಪಕ್ಕದ ಕೋಣೆಗಳಲ್ಲಿದ್ದವು.

ಅವಳಿಗಳ ಲೇಖನವನ್ನು ಮಡಿಕಿ ಸಾಹೇಬರು ಮರುದಿನವೇ ತಂತಿ ಕೊಟ್ಟು ಅಚ್ಚಿನಿಂದ ಹಿಂದಕ್ಕೆ ಪಡೆದರು. ಆದರೆ ಒಂದೇ ಅಂಕಿಯ ಚೀಲಗಳನ್ನು ಒಟ್ಟಿಗೆ ಬಿಚ್ಚಿದ್ದರಿಂದ ಎರಡೆರಡು ಕೂಸುಗಳ ಎಲುಬು ಒಂದಾಗಿಹೋಗಿತ್ತು. ಡಾಕ್ಟರರು ಅವನ್ನು ಬೇರ್ಪಡಿಸಲಾಗದೆ ಪೆಟ್ಟಿಗೆಯಲ್ಲಿ ತಿರುಗಿ ಕಳಿಸಿದರು. ಬಂಗಲೆಯ ಜಗಲಿಯಲ್ಲಿ ಬಿಳಿ ಅರಿವೆ ಹಾಸಿ, ಗಾಳೆಮ್ಮ ಎರಡು ದಿನ ಕುಳಿತಳು. ಆರನೆಯ ಗಡಿಗೆ ಬಿಳಿ ಬೂದಿಯ ಪದರಿನಲ್ಲಿತ್ತು, ಮುಂದಿನದು ಅದರ ಕೆಳಗಿನ ಕರಿ ಬೂದಿಯಲ್ಲಿ. ಹದಿನಾರನೆಯದೂ ಅದರ ಮುಂದಿನದೂ ಹಾಗೆಯೇ ಬೇರೆ ಬೇರೆ ಪದರಿನವು. ಎಲುಬಿನ ಸಂದಿಯಲ್ಲಿ ಉಳಿದ ಕಣವನ್ನು ಆಕೆ ಬೆರಳ ತುದಿಯಲ್ಲಿ ಉಜ್ಜಿ ನೋಡುತ್ತ, ಒಂದೊಂದನ್ನೇ ಎಡಕ್ಕೂ ಬಲಕ್ಕೂ ಇಟ್ಟಳು. ಮಣ್ಣಿನ ಸಾಹೇಬರು ಅದೇ ಕಣಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ನೂರಾ ಮೂವತ್ತೆರಡು ಚೂರುಗಳಲ್ಲಿ ಅವರು ಬದಲಿಸಿದ್ದು ಮೂರು. ಮಡಕೆ, ಮಾತು, ಮಣ್ಣು, ಎಲುಬು ಎಂಬ ನಾಲ್ಕು ಶಾಸ್ತ್ರಗಳವರು ಒಬ್ಬರ ಕಾಗದ ಇನ್ನೊಬ್ಬರು ಓದಿದ್ದು ಅದೇ ಮೊದಲು.

ಇನ್ನೊಂದು ಸಂಗತಿ ರಿಜಿಸ್ಟರಿನಲ್ಲಿದೆ. ಜನವರಿ ೧೯ರಂದು ಮಡಿಕಿ ಸಾಹೇಬರು ತಾವು ಹೊಸದಾಗಿ ಕಲಿತ ಕನ್ನಡವನ್ನು ತೋರಿಸುವ ಹುಮ್ಮಸ್ಸಿನಲ್ಲಿ, ಈ ವರ್ಷ ಇಡಿಯಾಗಿಯೇ ತೆಗೆದು ದಿಬ್ಬದ ಬುಡದ ಡೇರೆಯಲ್ಲಿಟ್ಟ ಗಡಿಗೆಗಳನ್ನು ಕೈಮಾಡಿ ಎಣಿಸಿದರು.

“ಆರು! ಏಳು! ಎಂಟು!”

ಸುತ್ತ ನಿಂತವರು ನಕ್ಕರು. ಗಾಳೆಮ್ಮ ನಗಲಿಲ್ಲ, ಹೊರಗೆ ಹೋಗಿ ಕೈತೊಳೆದಳು. ಸಂಜೆ ಡೇರೆಯ ಬಾಗಿಲು ಕಟ್ಟಿ, ಕಾವಲುಗಾರ ಅದಕ್ಕೆ ಅಡ್ಡಲಾಗಿ ಮಲಗಿದ. ಬೆಳಿಗ್ಗೆ ಬಿಚ್ಚಿದಾಗ ಆ ಸಾಲಿನ ಒಂದು ಗಡಿಗೆಯ ಬೋಗುಣಿ ನೆಲದ ಮೇಲಿತ್ತು. ಒಡೆದಿರಲಿಲ್ಲ, ಬಿರುಕು ಕೂಡ ಬಿಟ್ಟಿರಲಿಲ್ಲ. ಗಡಿಗೆಯಿಂದ ಒಂದು ಮೊಳ ದೂರದಲ್ಲಿ, ಯಾರೋ ಮೆಲ್ಲನೆ ಎತ್ತಿಟ್ಟಂತೆ, ಬಾಯಿ ಮೇಲಾಗಿ ಕುಳಿತಿತ್ತು. ಅದು ಆ ಸಾಲಿನಲ್ಲಿ ಆರರ ಮುಂದಿನದು ಎಂಬುದು ಇಸ್ಮಾಯಿಲ್‌ಸಾಬನ ಅಕ್ಷರದಲ್ಲಿದೆ. ಎದುರಿಗೆ ಸಾಹೇಬರು ತಮ್ಮ ಕೈಯಲ್ಲೇ ಬರೆದಿದ್ದಾರೆ: ‘ಮುಚ್ಚಳ ಸರಿದಿದೆ. ಕಾರಣ: ಇಲಿ.’ ಆ ‘ಇಲಿ’ಯ ಮೇಲೆ ಆಮೇಲೆ ಗೀಟು ಎಳೆಯಲಾಗಿದೆ. ಅದರ ಬದಲು ಬೇರೇನನ್ನೂ ಬರೆದಿಲ್ಲ.

ಸಾಹೇಬರು ಇಂದಿಗೂ ಅದು ಇಲಿಯೇ ಎನ್ನುತ್ತಾರೆ. ಆದರೆ ದಿಬ್ಬದ ಮೇಲೆ ಎಣಿಸುವಾಗ ಈಗ ಅವರೂ ಆರರ ಮುಂದೆ ಗಾಳೆಮ್ಮನ ಮಾತನ್ನೇ ಆಡುತ್ತಾರೆ.

ಈ ಬೆಳಿಗ್ಗೆ ಎಂಟರ ಹೊತ್ತಿಗೆ ಹೊಸ ಗಡಿಗೆಯನ್ನು ಪೂರ್ತಿ ಬಿಡಿಸಿಯಾಗಿದೆ. ಗಾಳೆಮ್ಮ ಅದರ ಸೀಳಿದ ಮೈಗೆ ತನ್ನ ಸೆರಗಿನಿಂದ ಹರಿದ ಪಟ್ಟಿಯನ್ನು ಸುತ್ತುತ್ತಾಳೆ. ಮೇಲಿನಿಂದ ಇಸ್ಮಾಯಿಲ್‌ಸಾಬ್ ಬಗ್ಗಿ ನೋಡಿ, ಕೂಗದೆ, ಬೆರಳಿನಿಂದ ಸನ್ನೆ ಮಾಡಿ ಅಂಕಿ ಕೇಳುತ್ತಾನೆ. ಆಕೆಯೂ ಬೆರಳಲ್ಲೇ ಉತ್ತರಿಸುತ್ತಾಳೆ. ಗಡಿಗೆ ಮೇಲೆ ಹೋಗುತ್ತದೆ. ಮಾರ್ಚಿನಲ್ಲಿ ಅಗೆತ ಮುಗಿದ ಮೇಲೆ ಆಕೆ ಮಣ್ಣಿನ ಸಾಹೇಬರ ಸಂಗಡ ಗೊರೇಬಾಳದ ಕಡೆಗೆ ಹೋಗಬೇಕು. ಅವರೇ ಕಾಗದ ಬರೆದು ಕರೆಸಿದ್ದಾರೆ.

ಅಗೆತದ ಪುಸ್ತಕ ಅಚ್ಚಾದಾಗ ಅದರಲ್ಲಿ ತನ್ನ ಹೆಸರಿರಬೇಕೆಂಬ ಆಸೆ ಇಲ್ಲವೇ ಎಂದರೆ, ಗಾಳೆಮ್ಮ ಏಣಿಯ ಮೇಲೆ ಒಂದು ಕಾಲಿಟ್ಟು ನಿಲ್ಲುತ್ತಾಳೆ. ಕಣ್ಣಿನ ರೆಪ್ಪೆಯ ಮೇಲೆಲ್ಲ ಬೂದಿ.

“ನನ್ನ ಹೆಸರು ತಗೊಂಡು ಅವರು ಏನು ಮಾಡತಾರ್ರೀ? ಕಳ್ಳಿ ಅಂದಿದ್ರು, ಅಲ್ಲ ಅಂದ್ರು, ಅಷ್ಟು ಸಾಕು.” ಸ್ವಲ್ಪ ತಡೆದು, ಗುಂಡಿಯ ಕಡೆಗೆ ನೋಡಿ, ದನಿ ಇನ್ನಷ್ಟು ತಗ್ಗಿಸುತ್ತಾಳೆ. “ಮೂವತ್ತೆಂಟು ತಗದೀನ್ರೀ. ನನ್ನ ಕೈಯಾಗ ಒಂದೂ ಎಚ್ಚರಾಗಿಲ್ಲ.”